ಪೊಸಿಷನ್ ಪೇಪರ್ ಬರೆಯುವುದು ಹೇಗೆ: ಎದುರು ಪಕ್ಷದಿಂದಲೇ ಶುರುಮಾಡಿ

ನಾನು ಮೊಟ್ಟಮೊದಲು ಬರೆದ ಪೊಸಿಷನ್ ಪೇಪರ್ ಹನ್ನೊಂದು ಪುಟ ಇತ್ತು. ಪರಿಸರ ಉಳಿಸುವುದು ನಮ್ಮೆಲ್ಲರ ಹೊಣೆ ಅನ್ನುವುದು ಅದರ ತಿರುಳು. ಉಲ್ಲೇಖಗಳಿಗೆ ಬರವಿರಲಿಲ್ಲ, ಭಾಷೆಯೂ ಅಚ್ಚುಕಟ್ಟಾಗಿತ್ತು. ಮೌಲ್ಯಮಾಪನ ಆಗಿ ವಾಪಸ್ ಬಂದಾಗ ಒಳಗಿನ ಪುಟಗಳಲ್ಲಿ ಒಂದು ಕೆಂಪು ಗೀಟೂ ಇರಲಿಲ್ಲ. ಕೊನೆಯ ಪುಟದ ಕೆಳಗೆ ಎರಡೇ ಪದ: "ಯಾರ ವಿರುದ್ಧ?"

ಆಗ ಸಿಟ್ಟು ಬಂದಿತ್ತು. ಆಮೇಲೆ ಬೇರೆಯವರ ನೂರಾರು ಪ್ರಬಂಧಗಳನ್ನು ಓದಿ ತಿದ್ದುವ ಕೆಲಸ ನನ್ನದೇ ಆದಾಗ ಆ ಎರಡು ಪದದ ಬೆಲೆ ತಿಳಿಯಿತು. ಒಪ್ಪದವರು ಯಾರೂ ಇಲ್ಲದ ಕಡೆ ನಿಲುವು ಅನ್ನುವುದಕ್ಕೇ ಅರ್ಥವಿಲ್ಲ. ಈ ಮಾರ್ಗದರ್ಶಿಯಲ್ಲಿ ನಾನು ಹೇಳುವ ಕ್ರಮ ಅಲ್ಲಿಂದಲೇ ಹುಟ್ಟಿದ್ದು: ಮೊದಲು ಎದುರು ಪಕ್ಷದವರ ವಾದವನ್ನು ಬರೆಯಿರಿ, ನಿಮ್ಮದು ಆಮೇಲೆ. ಎಲ್ಲರೂ ಹೀಗೆ ಹೇಳಿಕೊಡುವುದಿಲ್ಲ. ನನಗೆ ಇದೇ ಸರಿ ಅನ್ನಿಸಿದೆ.

ಇದು ಯಾವ ಜಾತಿಯ ಬರಹ

ಚರ್ಚೆಯಲ್ಲಿರುವ ಒಂದು ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟು, ಆ ಉತ್ತರವೇ ಏಕೆ ಸರಿ ಎಂದು ಸಾಕ್ಷ್ಯ ಮತ್ತು ತರ್ಕದ ಮೂಲಕ ಸಮರ್ಥಿಸುವ ಬರಹವೇ ಪೊಸಿಷನ್ ಪೇಪರ್. ಕನ್ನಡದಲ್ಲಿ ನಿಲುವು ಪ್ರಬಂಧ ಅನ್ನಬಹುದು. ಸಂಶೋಧನಾ ಲೇಖನ ಹೊಸ ದತ್ತಾಂಶ ತರುತ್ತದೆ, ಸಾಹಿತ್ಯ ಸಮೀಕ್ಷೆ ಈವರೆಗೆ ಯಾರು ಏನು ಹೇಳಿದ್ದಾರೆ ಎಂದು ಒಂದೆಡೆ ಸೇರಿಸುತ್ತದೆ. ನಿಲುವು ಪ್ರಬಂಧ ಈ ಎರಡನ್ನೂ ಬಳಸಿಕೊಂಡು "ಹಾಗಾದರೆ ಏನು ಮಾಡಬೇಕು" ಅಥವಾ "ಹಾಗಾದರೆ ಯಾವುದನ್ನು ಒಪ್ಪಬೇಕು" ಎಂಬುದಕ್ಕೆ ಉತ್ತರ ಕೊಡುತ್ತದೆ. ಪತ್ರಿಕೆಯ ಅಭಿಪ್ರಾಯ ಅಂಕಣವೂ ಅದನ್ನೇ ಮಾಡುತ್ತದಲ್ಲ ಎಂದರೆ, ಹೌದು. ಆದರೆ ಅಂಕಣದಲ್ಲಿ ಬರೆದವರ ಹೆಸರಿಗೆ ತೂಕ ಇರುತ್ತದೆ. ಇಲ್ಲಿ ತೂಕ ಬರುವುದು ಓದುಗರು ತಾವೇ ಪರಿಶೀಲಿಸಬಹುದಾದ ಆಧಾರಗಳಿಂದ.

ತರಗತಿಯ ಹೊರಗೂ ಈ ಪ್ರಕಾರ ಜೀವಂತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಒಂದೊಂದು ಲಸಿಕೆಯ ಬಗೆಗೂ ಪೊಸಿಷನ್ ಪೇಪರ್ ಹೊರಡಿಸುತ್ತದೆ. ವೈದ್ಯರ, ದಾದಿಯರ, ಶಿಕ್ಷಕರ ಸಂಘಗಳು ಹೊರಡಿಸುತ್ತವೆ. ಮಾದರಿ ವಿಶ್ವಸಂಸ್ಥೆ ಅಧಿವೇಶನಕ್ಕೆ ಹೋಗುವ ವಿದ್ಯಾರ್ಥಿಗಳು ತಮಗೆ ಕೊಟ್ಟ ದೇಶದ ಪರವಾಗಿ ಬರೆಯುತ್ತಾರೆ. ಮಷೀನ್ ಲರ್ನಿಂಗ್ ಕ್ಷೇತ್ರದ ದೊಡ್ಡ ಸಮ್ಮೇಳನವಾದ ಐಸಿಎಂಎಲ್ ಕೂಡ 2024ರಲ್ಲಿ ಇಂಥ ಪ್ರಬಂಧಗಳಿಗಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು. ಸಂಸ್ಥೆಯ ಪರವಾಗಿ ಬರೆಯುವಾಗ ನಿಲುವು ಮೊದಲೇ ನಿಗದಿಯಾಗಿರುತ್ತದೆ. ವಿದ್ಯಾರ್ಥಿಗೆ ಆ ಕಟ್ಟು ಇಲ್ಲ, ಓದಿ ಆಮೇಲೆ ನಿರ್ಧರಿಸುವ ಸ್ವಾತಂತ್ರ್ಯ ಇದೆ. ಬಹಳ ಜನ ಆ ಸ್ವಾತಂತ್ರ್ಯವನ್ನು ಬಳಸಿಕೊಳ್ಳುವುದೇ ಇಲ್ಲ.

ವಿಷಯ ಬೇಡ, ಪ್ರಶ್ನೆ ಬೇಕು

"ಹದಿಹರೆಯದವರ ನಿದ್ರೆ" ಅನ್ನುವುದು ವಿಷಯ. ಅದರ ಮೇಲೆ ನಿಲುವು ತೆಗೆದುಕೊಳ್ಳಲು ಬರುವುದಿಲ್ಲ. "ಹೈಸ್ಕೂಲುಗಳು ಬೆಳಿಗ್ಗೆ ಎಷ್ಟು ಗಂಟೆಗೆ ಶುರುವಾಗಬೇಕು?" ಅನ್ನುವುದು ಪ್ರಶ್ನೆ. ಇದನ್ನೇ ಉದಾಹರಣೆಯಾಗಿ ಕೊನೆಯವರೆಗೆ ಎಳೆದುಕೊಂಡು ಹೋಗುತ್ತೇನೆ, ಯಾಕೆಂದರೆ ಇದರಲ್ಲಿ ಜೀವಶಾಸ್ತ್ರ ಇದೆ, ಹಣದ ಲೆಕ್ಕ ಇದೆ, ತೀರ್ಮಾನ ಯಾರದ್ದಾಗಿರಬೇಕು ಎಂಬ ರಾಜಕೀಯವೂ ಇದೆ.

ಪ್ರಶ್ನೆ ಆರಿಸಿಕೊಂಡ ಮೇಲೆ ಮೂರು ಪರೀಕ್ಷೆ ಒಡ್ಡಿ. ತಿಳಿದವರೇ ಇದರ ಬಗ್ಗೆ ಭಿನ್ನಾಭಿಪ್ರಾಯ ಇಟ್ಟುಕೊಂಡಿದ್ದಾರೆಯೇ? ಧೂಮಪಾನ ಒಳ್ಳೆಯದೇ ಎಂದು ಕೇಳಿದರೆ ಎದುರು ಪಕ್ಷವೇ ಸಿಗುವುದಿಲ್ಲ. ಎರಡನೆಯದು, ಸಾಕ್ಷ್ಯದಿಂದ ಒಂದಿಷ್ಟಾದರೂ ಇತ್ಯರ್ಥವಾಗುವಂಥದ್ದೇ? ಕೇವಲ ರುಚಿಯ ಅಥವಾ ನಂಬಿಕೆಯ ವಿಚಾರವಾದರೆ ಉಲ್ಲೇಖ ಎಷ್ಟು ಪೇರಿಸಿದರೂ ಅದು ವಾದವಾಗುವುದಿಲ್ಲ. ಮೂರನೆಯದು, ನಿಮ್ಮ ಉತ್ತರವನ್ನು ಜಾರಿಗೆ ತರಬಲ್ಲವರು ಯಾರಾದರೂ ಇದ್ದಾರೆಯೇ? ಶಾಲಾ ಮಂಡಳಿ, ಸರ್ಕಾರ, ವಿಶ್ವವಿದ್ಯಾಲಯ, ಇಲ್ಲವೇ ಒಂದು ಶಾಸ್ತ್ರದ ಸಂಶೋಧಕರ ಸಮುದಾಯ. "ಸಮಾಜ ಬದಲಾಗಬೇಕು" ಎಂದು ಮುಗಿಯುವ ಪ್ರಬಂಧ ವಿಳಾಸ ಬರೆಯದೆ ಡಬ್ಬಿಗೆ ಹಾಕಿದ ಕಾಗದ.

ಓದು, ನಿಲುವಿಗಿಂತ ಮುಂಚೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಓದು ನಿಮಗೆ ಗೊತ್ತೇ ಇರುತ್ತದೆ. ನಿಲುವನ್ನು ಮೊದಲು ಹಿಡಿದುಕೊಂಡು, ಅದಕ್ಕೆ ಒಪ್ಪುವ ನಾಲ್ಕು ಲೇಖನ ಹುಡುಕಿ, ಐದನೆಯದು ಎದುರಾದರೆ ಕಣ್ಣು ಮುಚ್ಚುವುದು. ಶೈಕ್ಷಣಿಕ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರಿನಲ್ಲಿ "ಶಾಲೆ ತಡವಾಗಿ ಶುರುವಾಗುವುದರ ಲಾಭಗಳು" ಎಂಬ ಅರ್ಥದಲ್ಲಿ ಹುಡುಕಿದರೆ ಲಾಭಗಳೇ ಸಿಗುತ್ತವೆ. ಪರಿಣಾಮ, ವೆಚ್ಚ, ವಿರೋಧ, ಸಾರಿಗೆ ಎಂಬ ಪದಗಳನ್ನೂ ಹಾಕಿ ಹುಡುಕಿ.

ಮೊದಲು ಸಮೀಕ್ಷಾ ಲೇಖನ ಒಂದೆರಡು ಓದಿ. ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವುದರಿಂದ ಅವು ಕ್ಷೇತ್ರದ ನಕ್ಷೆ ಕೊಡುತ್ತವೆ. ಅಲ್ಲಿ ಪದೇಪದೇ ಹೆಸರು ಬರುವ ಮೂಲ ಅಧ್ಯಯನಗಳಿಗೆ ಹೋಗಿ. ನಂತರ ಆ ಅಧ್ಯಯನವನ್ನು ಈಚೆಗೆ ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಿ. ಖಂಡಿಸಿದವರು ಅಲ್ಲೇ ಸಿಗುತ್ತಾರೆ. ಹೊಸದಾಗಿ ತೆರೆದ ಲೇಖನದ ಉಲ್ಲೇಖಪಟ್ಟಿಯಲ್ಲಿ ಮುಕ್ಕಾಲುಪಾಲು ನಿಮಗೆ ಪರಿಚಿತ ಹೆಸರುಗಳೇ ಇದ್ದರೆ ಓದು ಸಾಕಾಯಿತು ಎಂದು ತಿಳಿಯಿರಿ.

ಟಿಪ್ಪಣಿ ಮಾಡುವಾಗ ಪ್ರತಿ ಲೇಖನಕ್ಕೂ ನಾಲ್ಕು ಸಾಲು: ಏನು ಹೇಳುತ್ತದೆ, ಅದು ಅವರಿಗೆ ಹೇಗೆ ತಿಳಿಯಿತು, ಇದರಿಂದ ಏನು ತಿಳಿಯುವುದಿಲ್ಲ, ಯಾರಿಗೆ ಇದು ಇಷ್ಟವಾಗುವುದಿಲ್ಲ. ಮೂರನೆಯ ಸಾಲನ್ನು ಬಿಡಬೇಡಿ, ಮುಂದೆ ನಿಮ್ಮನ್ನು ಕಾಪಾಡುವುದು ಅದೇ. ನಾಲ್ಕನೆಯದು ಪೂರ್ವಪಕ್ಷಕ್ಕೆ, ಅಂದರೆ ಎದುರು ಪಕ್ಷದ ವಾದಕ್ಕೆ, ಕಚ್ಚಾ ಸಾಮಗ್ರಿ.

ಪೂರ್ವಪಕ್ಷ ಮೊದಲು

ನಮ್ಮ ಶಾಸ್ತ್ರಗ್ರಂಥಗಳ ಕ್ರಮವೇ ಇದು. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿ ಏನು ಹೇಳುತ್ತಾನೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಮಂಡಿಸುವುದು. ಆಮೇಲೆ ಅದರ ಪರೀಕ್ಷೆ, ಖಂಡನೆ. ಕಡೆಗೆ ಸಿದ್ಧಾಂತ. ತರ್ಕವನ್ನೇ ಶಾಸ್ತ್ರವಾಗಿ ಬೆಳೆಸಿದ ನ್ಯಾಯದರ್ಶನದವರು ಚರ್ಚೆಯನ್ನು ಮೂರು ಬಗೆ ಮಾಡಿದ್ದರು: ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲುವುದಕ್ಕಾಗಿಯೇ ನಡೆಸುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವರದನ್ನು ಕೆಡವುವುದು ವಿತಂಡ. ವಿತಂಡವಾದ ಎಂಬ ಮಾತು ಇಂದಿಗೂ ನಮ್ಮ ಬಾಯಲ್ಲಿದೆ. ನಿಲುವು ಪ್ರಬಂಧ ಇರಬೇಕಾದ್ದು ವಾದದ ಸಾಲಿನಲ್ಲಿ. ಬರೆಯುವವರು ಅವಸರದಲ್ಲಿ ಜಾರುವುದು ಜಲ್ಪಕ್ಕೆ.

ಹಾಗಾಗಿ ಖಾಲಿ ಹಾಳೆಯ ಮೇಲೆ ಮೊದಲು ಬರೆಯಬೇಕಾದ್ದು ನಿಮಗೆ ಒಪ್ಪಿಗೆಯಿಲ್ಲದ ವಾದವನ್ನು. ಬರೆದದ್ದನ್ನು ಆ ಪಕ್ಷದ ಒಬ್ಬರಿಗೆ ತೋರಿಸಿದರೆ "ಹೌದು, ನಾನು ಹೇಳುವುದು ಇದನ್ನೇ" ಎಂದು ರುಜು ಹಾಕುವಂತಿರಬೇಕು. ನಮ್ಮ ಉದಾಹರಣೆಯಲ್ಲಿ, ಹೈಸ್ಕೂಲನ್ನು ತಡವಾಗಿ ಶುರುಮಾಡಬೇಕು ಎನ್ನುವವರಿಗೆ ಎದುರು ಪಕ್ಷದವರು ಹೇಳುವುದು ಇದು:

"ಒಂದೇ ಬಸ್ಸು ಬೆಳಿಗ್ಗೆ ಹೈಸ್ಕೂಲಿನ ಮಕ್ಕಳನ್ನು ಬಿಟ್ಟು, ವಾಪಸ್ ಹೋಗಿ ಚಿಕ್ಕ ಮಕ್ಕಳನ್ನು ಕರೆತರುತ್ತದೆ. ಸಮಯ ಬದಲಾದರೆ ಬಸ್ಸು ಹೆಚ್ಚಿಸಬೇಕು, ಇಲ್ಲವೇ ಚಿಕ್ಕವರನ್ನು ಕತ್ತಲಲ್ಲೇ ಹೊರಡಿಸಬೇಕು. ಕೆಲಸಕ್ಕೆ ಹೋಗುವ ತಂದೆತಾಯಿಯ ಪಾಳಿ ಶಾಲೆಗಾಗಿ ಬದಲಾಗುವುದಿಲ್ಲ. ಸಂಜೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ, ಅರೆಕಾಲಿಕ ಕೆಲಸ ಮಾಡುವ ಹುಡುಗರಿಗೆ ಆ ಹೊತ್ತೇ ಕೈತಪ್ಪುತ್ತದೆ. ಮೇಲಾಗಿ ಬೆಳಿಗ್ಗೆ ತಡ ಎಂದು ಗೊತ್ತಾದರೆ ಅವರು ರಾತ್ರಿ ಇನ್ನೂ ತಡವಾಗಿ ಮಲಗುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಇದನ್ನು ಆಯಾ ಊರಿನ ಶಾಲಾ ಮಂಡಳಿ ನಿರ್ಧರಿಸಬೇಕೇ ಹೊರತು ದೂರದಲ್ಲಿ ಕೂತ ಸರ್ಕಾರ ಅಲ್ಲ."

ಕೊನೆಯ ವಾಕ್ಯ ನನ್ನ ಕಲ್ಪನೆಯಲ್ಲ. ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ಜೆರ್ರಿ ಬ್ರೌನ್ 2018ರಲ್ಲಿ, ಹೈಸ್ಕೂಲುಗಳು ತಡವಾಗಿ ಶುರುವಾಗಬೇಕು ಎನ್ನುವ ಮಸೂದೆಯೊಂದನ್ನು ಹೆಚ್ಚುಕಡಿಮೆ ಇದೇ ಕಾರಣ ಕೊಟ್ಟು ತಡೆಹಿಡಿದರು. ಮಾರನೇ ವರ್ಷ ಹೊಸ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು.

ಈಗ ಈ ಪೂರ್ವಪಕ್ಷವನ್ನು ಬಿಡಿಸಿ ನೋಡಿ. ಇದರಲ್ಲಿ ಮೂರು ಬಗೆಯ ಆಕ್ಷೇಪಗಳಿವೆ. ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎನ್ನುವುದು ವಾಸ್ತವದ ಪ್ರಶ್ನೆ. ಅಳೆದು ನೋಡಬಹುದು, ಸಾಕ್ಷ್ಯದಿಂದ ಉತ್ತರಿಸಬಹುದು. ಬಸ್ಸು, ಪಾಳಿ, ತಂಗಿಯನ್ನು ನೋಡಿಕೊಳ್ಳುವುದು ವೆಚ್ಚದ ಪ್ರಶ್ನೆ. ಇವು ಸುಳ್ಳಲ್ಲ, ಖಂಡಿಸಲು ಹೋದರೆ ನೀವೇ ಸಣ್ಣವರಾಗುತ್ತೀರಿ. ಒಪ್ಪಿಕೊಂಡು, ನಿಮ್ಮ ಸಲಹೆಯಲ್ಲೇ ಅವಕ್ಕೆ ಜಾಗ ಮಾಡಬೇಕು. ಯಾರು ನಿರ್ಧರಿಸಬೇಕು ಎನ್ನುವುದು ಮೌಲ್ಯದ ಪ್ರಶ್ನೆ. ಇದಕ್ಕೆ ಉತ್ತರಿಸಲು ಅಂಕಿಅಂಶ ಸಾಲದು, ಮೌಲ್ಯವನ್ನೇ ತೂಗಬೇಕು: ಸ್ಥಳೀಯ ನಿರ್ಧಾರದ ಹಕ್ಕು ದೊಡ್ಡದೇ, ಮಕ್ಕಳ ಆರೋಗ್ಯಕ್ಕೆ ಒಂದು ಕನಿಷ್ಠ ಮಿತಿ ಇರಬೇಕಾದ್ದು ದೊಡ್ಡದೇ ಎಂದು.

ದುರ್ಬಲ ಪ್ರಬಂಧಗಳಲ್ಲಿ ಈ ವಿಂಗಡಣೆಯೇ ಇರುವುದಿಲ್ಲ. "ಕೆಲವರು ವಿರೋಧಿಸುತ್ತಾರೆ, ಆದರೆ ಅವರ ವಾದದಲ್ಲಿ ಹುರುಳಿಲ್ಲ" ಎಂಬ ಒಂದು ಸಾಲಿನಲ್ಲಿ ಎಲ್ಲವೂ ಮುಗಿದಿರುತ್ತದೆ. ಇಲ್ಲವೇ ಎದುರಿನವರು ಹೇಳದ ಪೆದ್ದು ಮಾತೊಂದನ್ನು ಅವರ ಬಾಯಿಗೆ ಹಾಕಿ, ಅದನ್ನು ಹೊಡೆದುರುಳಿಸಲಾಗಿರುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ.

ನಿಲುವಿನ ವಾಕ್ಯ

ಪೂರ್ವಪಕ್ಷ ಬರೆದಾದ ಮೇಲೆ ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಒಂದೇ ಸಲಕ್ಕೆ ಬರುವುದಿಲ್ಲ. ನಮ್ಮ ಉದಾಹರಣೆ ಹೇಗೆ ಬೆಳೆಯಬಹುದು ನೋಡಿ.

ಮೊದಲ ಪ್ರಯತ್ನ: "ಶಾಲೆಗಳು ಮಕ್ಕಳ ನಿದ್ರೆಯ ಬಗ್ಗೆ ಗಮನ ಹರಿಸಬೇಕು." ಇದನ್ನು ಯಾರು ಬೇಡವೆನ್ನುತ್ತಾರೆ? ಯಾರ ವಿರುದ್ಧ?

ಎರಡನೆಯದು: "ಶಾಲೆಗಳು ತಡವಾಗಿ ಶುರುವಾಗಬೇಕು." ವಿರೋಧಿಗಳು ಈಗ ಇದ್ದಾರೆ. ಆದರೆ ಯಾವ ಶಾಲೆ, ಎಷ್ಟು ತಡ?

ಮೂರನೆಯದು: "ಹದಿಹರೆಯದವರ ದೇಹದ ಗಡಿಯಾರವೇ ತಡವಾಗಿ ಓಡುವುದರಿಂದ, ಹೈಸ್ಕೂಲುಗಳು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು." ಕಾರಣ ಬಂತು, ಅಳತೆಯೂ ಬಂತು. ಆದರೆ ಪೂರ್ವಪಕ್ಷದ ಮಾತು ಕಿವಿಗೆ ಬಿದ್ದ ಲಕ್ಷಣವಿಲ್ಲ.

ನಾಲ್ಕನೆಯದು: "ಸಾರಿಗೆಯ ಹೊರೆ ನಿಜವಾದರೂ, ಹದಿಹರೆಯದವರ ದೇಹದ ಗಡಿಯಾರವನ್ನು ಬುದ್ಧಿವಾದದಿಂದ ಹಿಂದೂಡಲು ಬಾರದಿರುವುದರಿಂದ, ಹೈಸ್ಕೂಲುಗಳು 8:30ಕ್ಕಿಂತ ಮುಂಚೆ ಶುರುವಾಗದಂತೆ ಸರ್ಕಾರವೇ ನಿಯಮ ಮಾಡಬೇಕು, ಬಸ್ ವ್ಯವಸ್ಥೆ ಹೊಂದಿಸಿಕೊಳ್ಳಲು ಕಾಲಾವಕಾಶ ಕೊಡಬೇಕು, ದೂರದೂರದ ಹಳ್ಳಿಗಳ ಶಾಲೆಗಳಿಗೆ ವಿನಾಯಿತಿ ಇರಬೇಕು."

ಇದು ಉದ್ದವಾಯಿತು, ಕೊನೆಯ ಕರಡಿನಲ್ಲಿ ಎರಡು ವಾಕ್ಯ ಮಾಡಬಹುದು. ಆದರೆ ಇಡೀ ಪ್ರಬಂಧದ ನೀಲನಕ್ಷೆ ಇದರೊಳಗೇ ಕೂತಿದೆ: ಒಪ್ಪಿಕೊಂಡದ್ದು, ಕಾರಣ, ಬೇಡಿಕೆ, ಯಾರು ಮಾಡಬೇಕು, ಎಲ್ಲಿಗೆ ಅನ್ವಯಿಸುವುದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನೂ ಹೆಚ್ಚುಕಡಿಮೆ ಹೀಗೇ ಇದೆ. 2019ರಲ್ಲಿ ಸಹಿಯಾದರೂ ಜಾರಿಗೆ ಬಂದದ್ದು 2022ರ ಜುಲೈ 1ರಂದು. ಗ್ರಾಮೀಣ ಶಾಲಾ ಜಿಲ್ಲೆಗಳಿಗೆ ಅದು ಅನ್ವಯಿಸುವುದಿಲ್ಲ. ಎದುರು ಪಕ್ಷದ ಆಕ್ಷೇಪವನ್ನು ಗೌರವದಿಂದ ಕೇಳಿಸಿಕೊಂಡರೆ ನಿಮ್ಮ ನಿಲುವು ಸಡಿಲವಾಗುವುದಿಲ್ಲ, ಜಾರಿಮಾಡಲು ಯೋಗ್ಯವಾಗುತ್ತದೆ.

ಹಾಗೆಂದು "ಎರಡೂ ಕಡೆ ನ್ಯಾಯವಿದೆ, ಸಮತೋಲನ ಬೇಕು" ಎಂದು ಮುಗಿಸಬೇಡಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟವರಿಗೆ ಈ ಪ್ರಕಾರದಲ್ಲಿ ಅಂಕ ಸಿಗುವುದಿಲ್ಲ.

ಸಾಕ್ಷ್ಯಕ್ಕೂ ನಿಲುವಿಗೂ ನಡುವಿನ ಸೇತುವೆ

ಬ್ರಿಟಿಷ್ ತತ್ವಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಅಂಗಗಳನ್ನು ಬಿಡಿಸಿ ತೋರಿಸಿದರು: ಪ್ರತಿಪಾದನೆ, ಅದಕ್ಕೆ ಆಧಾರ, ಆಧಾರದಿಂದ ಪ್ರತಿಪಾದನೆಗೆ ದಾಟಿಸುವ ಸೂತ್ರ, ಆ ಸೂತ್ರಕ್ಕೇ ಬೇಕಾದ ಬೆಂಬಲ, ಎಷ್ಟರಮಟ್ಟಿಗೆ ಸರಿ ಎಂಬ ಮಿತಿ, ಯಾವಾಗ ಅನ್ವಯಿಸುವುದಿಲ್ಲ ಎಂಬ ಅಪವಾದ. ಆರರಲ್ಲಿ ಜನ ಮರೆಯುವುದು ದಾಟಿಸುವ ಸೂತ್ರವನ್ನು. ನ್ಯಾಯದರ್ಶನದ ಐದು ಅವಯವಗಳಲ್ಲಿ, ಅಂದರೆ ವಾದದ ಐದು ಹೆಜ್ಜೆಗಳಲ್ಲಿ, ಉದಾಹರಣೆಯ ಜೊತೆಗೆ ಬರುವ "ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ" ಎಂಬ ವ್ಯಾಪ್ತಿಯ ಕೆಲಸವೂ ಇದೇ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಹಾಗಾಗಿ ಬೆಂಕಿ ಇದೆ ಎಂದರೆ ಸಾಲದು. ಒಂದರಿಂದ ಇನ್ನೊಂದಕ್ಕೆ ಹೋಗಲು ಪರವಾನಗಿ ಬೇಕು.

ನಮ್ಮ ಉದಾಹರಣೆಯಲ್ಲಿ ನೋಡೋಣ. ಆಧಾರ: 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಹೇಳುತ್ತದೆ, ಅನೇಕರಿಗೆ ಅಷ್ಟು ಸಿಗುತ್ತಿಲ್ಲ. ಪ್ರತಿಪಾದನೆ: ಶಾಲೆಯ ಸಮಯ ಬದಲಾಗಬೇಕು. ಇವೆರಡರ ನಡುವೆ ದೊಡ್ಡ ಕಂದಕ ಇದೆ. ಓದುವವರು ಕೇಳುತ್ತಾರೆ: "ನಿದ್ದೆ ಸಾಲದಿದ್ದರೆ ಬೇಗ ಮಲಗಲಿ. ಫೋನು ಕಿತ್ತಿಟ್ಟುಕೊಳ್ಳಿ. ಶಾಲೆ ಯಾಕೆ ಬದಲಾಗಬೇಕು?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡುವುದೇ ಸೇತುವೆ: ಪ್ರೌಢಾವಸ್ಥೆಯಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಸ್ರವಿಸುವ ಹೊತ್ತೇ ಮುಂದಕ್ಕೆ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದರೂ ನಿದ್ದೆ ಹತ್ತುವುದಿಲ್ಲ. ಮಲಗುವ ಹೊತ್ತು ಪೂರ್ತಿಯಾಗಿ ಅವರ ಕೈಯಲ್ಲಿಲ್ಲ, ಏಳುವ ಹೊತ್ತು ಶಾಲೆಯ ಕೈಯಲ್ಲಿದೆ. ಈ ಒಂದು ಪ್ಯಾರಾ ಇಲ್ಲದಿದ್ದರೆ ಇಪ್ಪತ್ತು ಅಧ್ಯಯನ ಉಲ್ಲೇಖಿಸಿದರೂ ಓದುಗರು ಆಚೆ ದಡದಲ್ಲೇ ನಿಂತಿರುತ್ತಾರೆ.

ನಿಮ್ಮ ಕರಡಿನ ಪ್ರತಿಯೊಂದು ಮುಖ್ಯ ವಾದಕ್ಕೂ "ಹಾಗಾದರೇನು?" ಎಂದು ಕೇಳಿ ನೋಡಿ. ಉತ್ತರ ಪುಟದ ಮೇಲೆ ಇರಬೇಕು, ನಿಮ್ಮ ತಲೆಯಲ್ಲಿ ಇದ್ದರೆ ಪ್ರಯೋಜನವಿಲ್ಲ.

ಒಂದು ಅಂಕಿಯನ್ನು ಎಷ್ಟು ದೂರ ಎಳೆಯಬಹುದು

ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ತನ್ನ ಹೈಸ್ಕೂಲುಗಳ ಸಮಯವನ್ನು 7:50ರಿಂದ 8:45ಕ್ಕೆ ಬದಲಿಸಿತು. ಎರಡು ಶಾಲೆಗಳ ವಿದ್ಯಾರ್ಥಿಗಳ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, ಬದಲಾವಣೆಗೆ ಮೊದಲು ಮತ್ತು ನಂತರ ಹೋಲಿಸಿದ ಅಧ್ಯಯನ 2018ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ದಿನದ ನಿದ್ರೆಯ ಮಧ್ಯಾಂಕ (ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವುದು) 34 ನಿಮಿಷ ಹೆಚ್ಚಿತ್ತು. ಅಂಕಗಳೂ ಶೇ 4.5ರಷ್ಟು ಮೇಲೆ ಹೋಗಿದ್ದವು.

ಈ ಅಂಕಿ ಕೈಗೆ ಸಿಕ್ಕಿದ ತಕ್ಷಣ "ಶಾಲೆ ತಡವಾದರೆ ಅಂಕ ಹೆಚ್ಚುತ್ತದೆ ಎಂದು ವಿಜ್ಞಾನ ಸಾಬೀತುಪಡಿಸಿದೆ" ಎಂದು ಬರೆಯುವ ಆಸೆಯಾಗುತ್ತದೆ. ತಡೆಯಿರಿ. ಎರಡೇ ಶಾಲೆ, ಒಂದೇ ನಗರ. ಮೊದಲು ಅಳೆದ ಮಕ್ಕಳೂ ನಂತರ ಅಳೆದ ಮಕ್ಕಳೂ ಬೇರೆ ಬೇರೆ ವರ್ಷದವರು. ಅಂಕ ಕೊಡುವ ಶಿಕ್ಷಕರಿಗೆ ಸಮಯ ಬದಲಾದದ್ದು ಗೊತ್ತೇ ಇತ್ತು. ಆದ್ದರಿಂದ ಅಂಕದ ಮಾತನ್ನು ಪಕ್ಕಕ್ಕಿಟ್ಟು, ನಿದ್ರೆಯ ಅಳತೆಯನ್ನು ಮಾತ್ರ ಬಳಸುವುದು ಜಾಣತನ. ಕೈಪಟ್ಟಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಆ 34 ನಿಮಿಷಕ್ಕೆ ಪೂರ್ವಪಕ್ಷದ ಒಂದು ಆಕ್ಷೇಪವನ್ನು ನೇರವಾಗಿ ಎದುರಿಸುವ ಶಕ್ತಿ ಇದೆ: ಉಳಿದ ಹೊತ್ತನ್ನೆಲ್ಲ ಮಕ್ಕಳು ರಾತ್ರಿ ತಡಮಾಡಿ ಕಳೆದಿದ್ದರೆ ಒಟ್ಟು ನಿದ್ರೆ ಹೆಚ್ಚುತ್ತಲೇ ಇರಲಿಲ್ಲ. ಆದರೆ 55 ನಿಮಿಷ ಮುಂದೂಡಿದರೂ ಸಿಕ್ಕಿದ್ದು 34 ಎಂಬುದನ್ನು ನೀವೇ ಹೇಳಿಬಿಡಿ. ಎದುರಿನವರು ಕಂಡುಹಿಡಿದು ಹೇಳುವುದಕ್ಕೂ ನೀವಾಗಿ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಬಂಧದಲ್ಲಿ ಅದು ಹೀಗೆ ಬರಬಹುದು: "ಸಿಯಾಟಲ್‌ನ ಎರಡು ಹೈಸ್ಕೂಲುಗಳಲ್ಲಿ ಶಾಲೆಯ ಆರಂಭವನ್ನು 55 ನಿಮಿಷ ಮುಂದೂಡಿದಾಗ ವಿದ್ಯಾರ್ಥಿಗಳ ನಿದ್ರೆ ಸುಮಾರು ಅರ್ಧ ಗಂಟೆ ಹೆಚ್ಚಿದ್ದು ಕಂಡುಬಂದಿದೆ. ಹೋಲಿಸಿದ್ದು ಬೇರೆ ಬೇರೆ ವರ್ಷದ ತಂಡಗಳನ್ನಾದ್ದರಿಂದ ನಿಖರ ಅಳತೆಯ ಬಗ್ಗೆ ಎಚ್ಚರ ಬೇಕು. ಆದರೂ ಮಕ್ಕಳು ರಾತ್ರಿ ತಡಮಾಡಿ ಲಾಭವನ್ನೆಲ್ಲ ಕಳೆದುಕೊಳ್ಳುತ್ತಾರೆ ಎಂಬ ಆತಂಕಕ್ಕೆ ಇಲ್ಲಿ ಪುಷ್ಟಿ ಸಿಗುವುದಿಲ್ಲ."

ಸಂಸ್ಥೆಗಳ ಶಿಫಾರಸನ್ನು ಉಲ್ಲೇಖಿಸುವಾಗಲೂ ಇದೇ ಎಚ್ಚರ ಇರಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಮಾಧ್ಯಮಿಕ ಶಾಲೆ ಮತ್ತು ಹೈಸ್ಕೂಲುಗಳು 8:30 ಅಥವಾ ಅದರ ನಂತರ ಶುರುವಾಗಲಿ ಎಂದಿತು. ಅವರು ಹೇಳಿದ್ದಾರೆ ಎನ್ನುವುದಷ್ಟೇ ವಾದವಲ್ಲ. ಅವರು ಯಾವ ಆಧಾರದ ಮೇಲೆ ಹೇಳಿದರು ಎಂದು ಒಳಗೆ ಹೋಗಿ ನೋಡಿ. ಆ ದಾಖಲೆಯೇ ಒಂದು ಒಳ್ಳೆಯ ನಿಲುವು ಪ್ರಬಂಧ. ರಚನೆ ಕಲಿಯಲೂ ಓದಬಹುದು.

ಕಟ್ಟುವ ಕ್ರಮ

ಎರಡು ಸಾವಿರ ಪದದ ಪ್ರಬಂಧ ಎಂದಿಟ್ಟುಕೊಳ್ಳಿ. ಪೀಠಿಕೆ ಮತ್ತು ನಿಲುವಿಗೆ ಇನ್ನೂರು ಪದ, ಹಿನ್ನೆಲೆಗೆ ಮುನ್ನೂರು, ನಿಮ್ಮ ಎರಡು ಅಥವಾ ಮೂರು ಮುಖ್ಯ ವಾದಗಳಿಗೆ ಎಂಟುನೂರು, ಪೂರ್ವಪಕ್ಷ ಮತ್ತು ಅದಕ್ಕೆ ಉತ್ತರಕ್ಕೆ ಐನೂರು, ಉಳಿದದ್ದು ಸಲಹೆಗಳಿಗೆ. ನಿಮ್ಮ ಗೈಡ್ ಬೇರೆ ಕ್ರಮ ಹೇಳಿದ್ದರೆ ಅವರ ಮಾತೇ ನಡೆಯಲಿ.

ನೀವು ಮೊದಲು ಬರೆದ ಪೂರ್ವಪಕ್ಷವನ್ನು ಪ್ರಬಂಧದಲ್ಲಿ ಎಲ್ಲಿ ಇಡಬೇಕು? ಬರೆಯುವ ಕ್ರಮವೇ ಓದಿಸುವ ಕ್ರಮ ಆಗಬೇಕೆಂದಿಲ್ಲ. ಓದುಗರು ನಿಮ್ಮನ್ನು ಒಪ್ಪದವರೇ ಹೆಚ್ಚೆಂದು ಅನ್ನಿಸಿದರೆ ಹಿನ್ನೆಲೆಯ ನಂತರ ಕೂಡಲೇ ಇಡಿ. ತಮ್ಮ ಮಾತು ಸರಿಯಾಗಿ ಬಂದಿದೆ ಎಂದು ಕಂಡರೆ ಮುಂದಿನದನ್ನು ತಾಳ್ಮೆಯಿಂದ ಓದುತ್ತಾರೆ. ತಟಸ್ಥರಾಗಿದ್ದರೆ ನಿಮ್ಮ ವಾದದ ನಂತರ ಬಂದರೂ ನಡೆಯುತ್ತದೆ. ಒಂದೊಂದು ವಾದದ ಜೊತೆಗೇ ಅದರ ಆಕ್ಷೇಪವನ್ನೂ ಹೆಣೆಯುವ ಮೂರನೆಯ ದಾರಿ ಇದೆ, ಚೆಂದವಾಗಿರುತ್ತದೆ, ಆದರೆ ಕೈ ಪಳಗಿರಬೇಕು.

ಪೀಠಿಕೆಯನ್ನು "ಇಂದಿನ ಆಧುನಿಕ ಯುಗದಲ್ಲಿ" ಎಂದೋ "ಅನಾದಿ ಕಾಲದಿಂದಲೂ" ಎಂದೋ ಶುರುಮಾಡಬೇಡಿ. ನೇರವಾಗಿ ಜಗಳದ ಜಾಗಕ್ಕೆ ಹೋಗಿ: "2018ರಲ್ಲಿ ಒಬ್ಬ ಗವರ್ನರ್ ತಡೆಹಿಡಿದ ಮಸೂದೆಗೆ 2019ರಲ್ಲಿ ಇನ್ನೊಬ್ಬರು ಸಹಿ ಹಾಕಿದರು. ನಡುವಿನ ಒಂದು ವರ್ಷದಲ್ಲಿ ನಿದ್ರೆಯ ವಿಜ್ಞಾನ ಬದಲಾಗಿರಲಿಲ್ಲ." ಎರಡೇ ಸಾಲಿನಲ್ಲಿ, ಇದು ಬರೀ ವಿಜ್ಞಾನದ ಪ್ರಶ್ನೆ ಅಲ್ಲ ಎಂದು ಓದುಗರಿಗೆ ಗೊತ್ತಾಗುತ್ತದೆ.

ಹಿನ್ನೆಲೆಯಲ್ಲಿ ಚರ್ಚೆ ಅರ್ಥವಾಗಲು ಬೇಕಾದಷ್ಟೇ ಇರಲಿ. ನಿದ್ರೆಯ ಹಂತಗಳ ವಿವರಣೆ ಎಷ್ಟೇ ಆಸಕ್ತಿಕರವಾಗಿದ್ದರೂ ನಿಲುವಿಗೆ ಬೇಡವಾದರೆ ಬೇಡ.

ಮುಕ್ತಾಯದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವ ಬದಲು, ಯಾರು ಯಾವಾಗ ಏನು ಮಾಡಬೇಕು ಎಂದು ಬರೆಯಿರಿ. ಯಾವ ಹೊಸ ಸಾಕ್ಷ್ಯ ಬಂದರೆ ನಿಮ್ಮ ನಿಲುವು ಬದಲಾಗುತ್ತದೆ ಎಂದು ಹೇಳುವ ಧೈರ್ಯ ಇದ್ದರೆ ಅದನ್ನೂ ಸೇರಿಸಿ.

ವಾಕ್ಯಗಳ ಬಗ್ಗೆ ಒಂದಿಷ್ಟು

ಶೈಕ್ಷಣಿಕ ಕನ್ನಡ ಎಂದ ಕೂಡಲೇ "ಮಾಡಲ್ಪಟ್ಟಿದೆ", "ಎಂದು ಹೇಳಲಾಗುತ್ತದೆ", "ಎಂದು ಪರಿಗಣಿಸಲ್ಪಡುತ್ತದೆ" ಸಾಲುಗಟ್ಟಿ ಬರುತ್ತವೆ. ಯಾರು ಹೇಳಿದರು, ಯಾರು ಪರಿಗಣಿಸಿದರು? ಕರ್ತೃ ಕಾಣೆಯಾದ ಕಡೆ ಹೊಣೆಯೂ ಕಾಣೆಯಾಗುತ್ತದೆ. "ಅಧ್ಯಯನಗಳು ತೋರಿಸುತ್ತವೆ" ಎಂದು ಬರೆಯುವಾಗ ಯಾವ ಅಧ್ಯಯನ ಎಂದು ಆ ವಾಕ್ಯದಲ್ಲೇ ಇರಲಿ. "ನಾನು" ಬಳಸಬಹುದೇ ಎಂದು ಬಹಳ ಜನ ಕೇಳುತ್ತಾರೆ. "ಈ ಪ್ರಬಂಧದಲ್ಲಿ ನಾನು ವಾದಿಸುವುದು" ಎಂದರೆ ತಪ್ಪೇನೂ ಇಲ್ಲ. "ನನಗೆ ಅನ್ನಿಸುತ್ತದೆ" ಬೇಡ. ವಿಭಾಗದ ನಿಯಮವನ್ನು ಮಾತ್ರ ಒಮ್ಮೆ ಕೇಳಿಕೊಳ್ಳಿ.

ಪಾರಿಭಾಷಿಕ ಪದ ಒಂದನ್ನು ಆರಿಸಿಕೊಂಡರೆ ಕೊನೆಯವರೆಗೆ ಅದನ್ನೇ ಬಳಸಿ. ಮೊದಲ ಪುಟದಲ್ಲಿ ಮಧ್ಯಾಂಕ, ನಾಲ್ಕನೆಯದರಲ್ಲಿ ಸರಾಸರಿ ಎಂದು ಬರೆದರೆ ಅದು ಶೈಲಿಯ ವೈವಿಧ್ಯ ಅಲ್ಲ, ತಪ್ಪು. ಬೇರೆ ಭಾಷೆಯ ಮೂಲದಿಂದ ಮಾತನ್ನು ಉದ್ಧರಿಸುವಾಗ ಅನುವಾದ ನಿಮ್ಮದೇ ಆಗಿದ್ದರೆ ಹಾಗೆಂದು ಸೂಚಿಸಿ.

"ಖಂಡಿತವಾಗಿಯೂ", "ನಿಸ್ಸಂದೇಹವಾಗಿ", "ಎಲ್ಲರಿಗೂ ತಿಳಿದಿರುವಂತೆ" ಎಂಬ ಪದಗಳು ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಿ. ಹತ್ತರಲ್ಲಿ ಎಂಟು ಕಡೆ ಅಲ್ಲಿ ಸಾಕ್ಷ್ಯ ಇರುವುದಿಲ್ಲ, ಪದ ಅದರ ಜಾಗದಲ್ಲಿ ಕೂತಿರುತ್ತದೆ.

ಉಲ್ಲೇಖ

ಉಲ್ಲೇಖ ಬರೆಯುವ ಶೈಲಿಗಳು ಹಲವು: ಎಪಿಎ, ಎಂಎಲ್‌ಎ, ಶಿಕಾಗೊ. ನಿಮಗೆ ಹೇಳಿದ್ದು ಯಾವುದೋ ಅದನ್ನು ಮೊದಲ ಟಿಪ್ಪಣಿಯಿಂದಲೇ ಪಾಲಿಸಿ. ಝೊಟೆರೊದಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು. ಪದ ಬದಲಿಸಿದರೂ ವಿಚಾರ ಇನ್ನೊಬ್ಬರದಾದರೆ ಮೂಲ ಹೇಳಲೇಬೇಕು, ಇಲ್ಲದಿದ್ದರೆ ಅದು ಕೃತಿಚೌರ್ಯ.

ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನು ತೆರೆದು ನೋಡದೆ ಎಂದೂ ಹಾಕಬೇಡಿ. ಇಲ್ಲದ ಲೇಖನಗಳನ್ನು ಇರುವ ಹಾಗೆ ಅವು ಹೆಸರಿಸುತ್ತವೆ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದಕ್ಕೆ ಹೀಗೆ ಹುಟ್ಟಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ವಿದ್ಯಾರ್ಥಿಗೆ ದಂಡ ಬೀಳದಿರಬಹುದು, ಮಾನ ಹೋಗುವುದು ಮಾತ್ರ ಅಷ್ಟೇ.

ತಿದ್ದುವುದು

ಕರಡು ಮುಗಿದ ಮೇಲೆ ಎರಡು ದಿನ ಮುಟ್ಟಬೇಡಿ. ಆಮೇಲೆ ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತದೆ ಎಂದು ಒಂದು ಸಾಲು ಬರೆಯುತ್ತ ಹೋಗಿ. ಆ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಓದಿ. ಒಂದೇ ಮಾತು ಎರಡು ಕಡೆ ಬಂದಿದ್ದರೆ, ಸೇತುವೆ ಇಲ್ಲದೆ ಹಾರಿದ್ದರೆ, ಅಲ್ಲಿ ಎದ್ದು ಕಾಣುತ್ತದೆ. ಒಂದು ಸಾಲೂ ಬರೆಯಲಾಗದ ಪ್ಯಾರಾ ಸಿಕ್ಕಿದರೆ ಅದನ್ನು ತೆಗೆಯಿರಿ.

ನಂತರ ನಿಮ್ಮ ನಿಲುವನ್ನು ಒಪ್ಪದ ಸ್ನೇಹಿತರೊಬ್ಬರಿಗೆ ಪೂರ್ವಪಕ್ಷದ ಭಾಗವನ್ನು ಮಾತ್ರ ಕೊಡಿ. ಇಡೀ ಪ್ರಬಂಧ ಬೇಡ. ಅವರು ಓದಿ, "ಇಷ್ಟೇ ಅಲ್ಲ, ಇನ್ನೂ ಒಂದಿದೆ" ಎಂದರೆ ಆ ಇನ್ನೊಂದನ್ನು ಬರೆದುಕೊಂಡು ಬನ್ನಿ. ನಾನು ಒಮ್ಮೆ ಹೀಗೆ ಬರೆದುಕೊಂಡು ಬಂದದ್ದಕ್ಕೆ ವಾರವಿಡೀ ಉತ್ತರ ಹುಡುಕಿ, ಸಿಗದೆ, ಕೊನೆಗೆ ನಿಲುವಿನ ವಾಕ್ಯವನ್ನೇ ತಿದ್ದಬೇಕಾಯಿತು. ಗಡುವಿಗೆ ಮೂರು ದಿನ ಬಾಕಿ ಇತ್ತು. ಕೈ ನಡುಗಿತ್ತು, ಆದರೆ ತಿದ್ದಿದ ಪ್ರಬಂಧ ಮೊದಲಿನದಕ್ಕಿಂತ ಚಿಕ್ಕದೂ ಗಟ್ಟಿಯೂ ಆಗಿತ್ತು.

ಸಾರಾಂಶ ಕೇಳಿದ್ದರೆ ಅದನ್ನು ಈಗ ಬರೆಯಿರಿ, ಮೊದಲಲ್ಲ. ಶೀರ್ಷಿಕೆಯೂ ಕೊನೆಗೇ. ಶೀರ್ಷಿಕೆಯನ್ನು ಓದಿದವರಿಗೆ ನೀವು ಯಾವ ಕಡೆ ಎಂದು ಗೊತ್ತಾಗಬೇಕು. "ಹದಿಹರೆಯದವರ ನಿದ್ರೆ: ಒಂದು ಅಧ್ಯಯನ" ಎಂದು ಕೊಟ್ಟಿದ್ದರೆ ಹೊಡೆದುಹಾಕಿ, "ಹೈಸ್ಕೂಲಿನ ಮೊದಲ ಗಂಟೆ 8:30ರ ಮೇಲೆಯೇ ಹೊಡೆಯಲಿ" ಎಂದು ಬರೆಯಿರಿ.